ನೂರು ಡೋಸಿನ ಬಾಟಲಿ, ಮೂರು ಆಡಿನ ಮನೆ

ಹೋದ ತಿಂಗಳ ಸಭೆಯಲ್ಲಿ ನಾವು ಆಡಿನ ಕಾಯಿಲೆಯ ವಿಷಯ ಎತ್ತಿದಾಗ ಹಿಂದಿನ ಸಾಲಿನಿಂದ ಯಾರೋ "ಮ್ಯಾ..." ಅಂತ ಕೂಗಿದರು. ಇಡೀ ಹಾಲು ಗೊಳ್ಳೆಂದು ನಕ್ಕಿತು. ನಕ್ಕವರು ಹೊರಗಿನವರಲ್ಲ. ನಮ್ಮ ಹಾಸ್ಟೆಲಿನವರೇ, ನಮ್ಮ ಕೇರಿಯ ಹುಡುಗರೇ. ಆಮೇಲೆ ಒಬ್ಬ ಗೆಳೆಯ ಎದ್ದು ನಿಂತು ಗಂಭೀರವಾಗಿಯೇ ಕೇಳಿದ: ಭೂಮಿಯ ಪ್ರಶ್ನೆ ಇದೆ, ದೌರ್ಜನ್ಯದ ಪ್ರಶ್ನೆ ಇದೆ, ಬ್ಯಾಕ್‌ಲಾಗ್ ಹುದ್ದೆಗಳ ಪ್ರಶ್ನೆ ಇದೆ, ಇದರ ಮಧ್ಯೆ ಆಡಿನ ಹಿಕ್ಕೆಯ ಮಾತು ಯಾಕೆ? ಆ ಗೆಳೆಯನಿಗೂ ನಕ್ಕ ಉಳಿದವರಿಗೂ ಉತ್ತರವಾಗಿ ಇದನ್ನು ಬರೆಯುತ್ತಿದ್ದೇವೆ.

ಗೆಳೆಯ, ನೀನು ಹಾಸ್ಟೆಲಿಗೆ ತಂದ ಟ್ರಂಕು, ಕಾಲೇಜಿಗೆ ಕಟ್ಟಿದ ಫೀಜು, ಅಕ್ಕನ ಬಾಣಂತನ, ಅಪ್ಪನ ಆಸ್ಪತ್ರೆ ಖರ್ಚು, ಇವಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂತ ಅವ್ವನನ್ನು ಯಾವತ್ತಾದರೂ ಕೇಳಿದ್ದೀಯಾ? ಗದ್ದೆ ಮಾರಿ ಬಂತಾ? ಮಾರೋಕೆ ಗದ್ದೆ ಎಲ್ಲಿತ್ತು? ಬ್ಯಾಂಕಿನವರು ಕರೆದು ಕೊಟ್ಟರಾ? ಇಲ್ಲ. ಒಂದು ಹೋತ ಸಂತೆಗೆ ಹೋಯಿತು, ನೀನು ಕಾಲೇಜಿಗೆ ಬಂದೆ. ಸ್ಕಾಲರ್‌ಶಿಪ್ಪು ಬರುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ. ಆಡು ಹಾಗಲ್ಲ, ಕೇಳಿದ ದಿನ ದುಡ್ಡು ಕೊಡುತ್ತದೆ. ಅದಕ್ಕೇ ಆಡು ನಮ್ಮವರ ಬ್ಯಾಂಕು. ಆ ಬ್ಯಾಂಕು ಒಂದೇ ವಾರದಲ್ಲಿ ದಿವಾಳಿ ಎದ್ದರೆ ಅದು ರಾಜಕೀಯ ಪ್ರಶ್ನೆ ಅಲ್ಲವೇನು?

ನಮ್ಮ ರಾವಂದೂರು ಸೀಮೆಯನ್ನೇ ನೋಡಿ. ಸುತ್ತ ಹೊಗೆಸೊಪ್ಪು, ಈಚೆಗೆ ಶುಂಠಿ, ಜೋಳ. ಹೊಗೆಸೊಪ್ಪಿನ ಬ್ಯಾರನ್ನು ಯಾರದು, ಲೈಸೆನ್ಸು ಯಾರ ಹೆಸರಿನಲ್ಲಿದೆ, ಸೊಪ್ಪು ಮುರಿಯುವವರು, ಕಟ್ಟುವವರು, ಬೆಂಕಿ ಹಾಕಿ ರಾತ್ರಿಯೆಲ್ಲ ಕಾಯುವವರು ಯಾರು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಗಂಡಸರ ಕೈಗೆ ಬಂದು ಗಂಡಸರ ಕೈಯಲ್ಲೇ ಕರಗುತ್ತದೆ. ಮನೆಯೊಳಗೆ ಹೆಂಗಸಿನದು ಅಂತ ಹೇಳಿಕೊಳ್ಳುವ ಆಸ್ತಿ ಎಂದರೆ ಎರಡೋ ಮೂರೋ ಆಡು. ಅದರಲ್ಲೂ ಎಲ್ಲವೂ ಸ್ವಂತದವಲ್ಲ. ಊರೊಳಗಿನ ಯಜಮಾನರು ಮರಿ ಕೊಟ್ಟಿರುತ್ತಾರೆ, ಇವರು ವಾರಕ್ಕೆ ಸಾಕುತ್ತಾರೆ. ಈದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಬಿಸಿಲಲ್ಲಿ ಅಲೆದು ಮೇಯಿಸುವುದು, ಮಳೆಯಲ್ಲಿ ಗುಡಿಸಿಲೊಳಗೆ ಕಟ್ಟಿಕೊಂಡು ಮಲಗುವುದು ಪೂರ್ತಿ ಇವರ ಪಾಲು. ಅದರಲ್ಲಿ ಮಾತ್ರ ಅರ್ಧ ಇಲ್ಲ.

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 62 ಲಕ್ಷ ಆಡು, 1 ಕೋಟಿ 11 ಲಕ್ಷ ಕುರಿ ಇದ್ದವು. ಇಷ್ಟಕ್ಕೂ ಒಂದು ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ. ಅದರ ಹೆಸರಲ್ಲಿ ಕುರಿ ಇದೆ, ಉಣ್ಣೆ ಇದೆ, ಆಡು ಮಾತ್ರ ಇಲ್ಲ! ಹಸುವಿಗೆ ಡೈರಿ ಇದೆ, ಡೈರಿಗೆ ಸಂಘ ಇದೆ, ಸಂಘಕ್ಕೆ ಒಕ್ಕೂಟ ಇದೆ, ಒಕ್ಕೂಟಕ್ಕೆ ಡಾಕ್ಟರು ಇದ್ದಾರೆ. ಆಡಿಗೆ ಯಾರಿದ್ದಾರೆ? ಅವ್ವ ಇದ್ದಾಳೆ.

ಎರಡು ವರ್ಷದ ಹಿಂದೆ ನಮ್ಮ ಕೇರಿಯಲ್ಲಿ ಆದದ್ದನ್ನು ಹೇಳುತ್ತೇವೆ. ನಮಗೆಲ್ಲ ದೊಡ್ಡವ್ವ ಆಗಬೇಕಾದ ಒಬ್ಬ ಹೆಂಗಸು. ಹನ್ನೊಂದು ಆಡು, ಅದರಲ್ಲಿ ಐದು ವಾರದವು. ಸಂತೆಯಿಂದ ಒಂದು ಹೆಣ್ಣುಮರಿ ತಂದು ಬಿಟ್ಟರು. ಐದಾರು ದಿನಕ್ಕೆ ಆ ಮರಿ ಕಿವಿ ಜೋಲುಬಿಟ್ಟು ನಿಂತಿತು. ಮೈ ಕಾದ ಹಂಚು. ಮೂಗಿನಲ್ಲಿ ಮೊದಲು ನೀರು, ಆಮೇಲೆ ಗಟ್ಟಿ ಸಿಂಬಳ. ಕಣ್ಣು ಪಿಸುರು ಕಟ್ಟಿ ಅಂಟಿಕೊಂಡವು. ಬಾಯೊಳಗೆ ಹುಣ್ಣು, ಹತ್ತಿರ ಹೋದರೆ ಕೆಟ್ಟ ವಾಸನೆ. ಆಮೇಲೆ ಬೇಧಿ, ಕೆಮ್ಮು, ಏದುಸಿರು. ಅದು ಸಾಯುವುದರೊಳಗೆ ಇನ್ನು ನಾಲ್ಕಕ್ಕೆ ಹತ್ತಿತ್ತು.

ಹಿರಿಯರು ಮಾರಮ್ಮನ ಮುನಿಸು ಅಂದರು. ಬೇವಿನ ಸೊಪ್ಪು ಕಟ್ಟಿದರು, ಹರಕೆ ಹೊತ್ತರು. ಒಬ್ಬರು ಬಂದು ಕುಡುಗೋಲು ಕಾಯಿಸಿ ಬರೆ ಹಾಕಿದರು. ಮಾರನೇ ದಿನ ಮೋಟಾರ್ ಬೈಕಿನಲ್ಲಿ ಚೀಲ ನೇತುಹಾಕಿಕೊಂಡು ಒಬ್ಬ ಸೂಜಿಯವನು ಬಂದ. ಅವನು ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಒಂದೇ ಸೂಜಿಯಲ್ಲಿ ಹನ್ನೊಂದಕ್ಕೂ ಚುಚ್ಚಿ, ಆಡಿಗಿಷ್ಟು ಅಂತ ವಸೂಲು ಮಾಡಿಕೊಂಡು ಹೋದ. ಕಾಯಿಲೆ ಇಲ್ಲದ್ದಕ್ಕೂ ಚುಚ್ಚಿದ. ಒಂಬತ್ತು ದಿನಕ್ಕೆ ಎಂಟು ಆಡು ಹೋದವು.

"ಎಷ್ಟು ಉಳುದೊ ದೊಡ್ಡವ್ವಾ?"

"ಮೂರು ಕನ ಮಗ. ಅವೂ ವಾರದವೇ."

ಅಂದರೆ ತನ್ನ ಸ್ವಂತದ ಆರೂ ಹೋದವು. ಸತ್ತ ವಾರದ ಎರಡಕ್ಕೆ ಯಜಮಾನರು ಚರ್ಮ ತಂದು ತೋರಿಸು ಅಂದರು. ತೋರಿಸದಿದ್ದರೆ ಮಾರಿಕೊಂಡು ತಿಂದಳು ಅಂತ ಲೆಕ್ಕ. ದೊಡ್ಡವ್ವ ಚರ್ಮ ಸುಲಿಸಿ ತಲೆ ಮೇಲೆ ಹೊತ್ತುಕೊಂಡು ಹೋಗಿ ಅಂಗಳದಾಚೆ ನಿಂತು "ಬುದ್ಧೀ, ನೋಡಿ" ಅಂದಳು. ಅವರು ಜಗಲಿ ಮೇಲಿಂದ ನೋಡಿದರು. ಈ ಚರ್ಮದ ಮಾತು ಇಲ್ಲಿಗೆ ಮುಗಿಯುವುದಿಲ್ಲ, ಮುಂದೆ ಬರುತ್ತೇವೆ.

ಈ ಕಾಯಿಲೆಗೆ ಹೆಸರಿದೆ. ಪಿಪಿಆರ್. ಕೆಲವು ಕಡೆ ಹಿರೇಬೇನೆ ಅನ್ನುತ್ತಾರೆ, ಆಡು ಕುರಿಗಳ ಪ್ಲೇಗು ಅಂತಲೂ ಅನ್ನುತ್ತಾರೆ. ಇದು ವೈರಸ್ಸಿನಿಂದ ಬರುವುದು. ಒಂದರ ಉಸಿರು, ಸಿಂಬಳ, ಬೇಧಿ ಇನ್ನೊಂದಕ್ಕೆ ತಗುಲಿ ಹರಡುವುದು. ಮನುಷ್ಯರಿಗೆ ಬರುವುದಿಲ್ಲ. ಆಫ್ರಿಕಾದ ಐವರಿ ಕೋಸ್ಟಿನಲ್ಲಿ 1942ರಲ್ಲಿ ಮೊದಲು ಗುರುತಿಸಿದರು. ನಮ್ಮ ದೇಶದಲ್ಲಿ 1987ರಲ್ಲಿ ಪಕ್ಕದ ತಮಿಳುನಾಡಿನ ಅರಸೂರು ಎಂಬ ಹಳ್ಳಿಯಲ್ಲಿ ಕಂಡಿತು. ಬಂದ ಮೇಲೆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಡಾಕ್ಟರು ಕೊಡುವ ಇಂಜೆಕ್ಷನ್ನು ಅದರ ಮೇಲೆ ಹತ್ತುವ ಬೇರೆ ಸೋಂಕಿಗೆ, ನ್ಯುಮೋನಿಯಾಗೆ. ಬೇಧಿಗೆ ಉಪ್ಪು ಸಕ್ಕರೆ ನೀರು, ಬಾಯಿ ಹುಣ್ಣಿಗೆ ತೊಳೆಯುವ ನೀರು, ತೆಳ್ಳಗಿನ ರಾಗಿ ಅಂಬಲಿ, ಇಷ್ಟರಲ್ಲಿ ಕೆಲವು ಬದುಕುತ್ತವೆ, ಮರಿಗಳು ಹೆಚ್ಚಾಗಿ ಸಾಯುತ್ತವೆ.

ಆದರೆ ಬಾರದಂತೆ ತಡೆಯುವ ಲಸಿಕೆ ಇದೆ. ನಾಲ್ಕು ತಿಂಗಳು ದಾಟಿದ ಮರಿಗೆ ಚರ್ಮದ ಕೆಳಗೆ 1 ಮಿಲಿ, ಒಂದು ಸಲ ಕೊಟ್ಟರೆ ಕಡಿಮೆ ಅಂದರೂ ಮೂರು ವರ್ಷ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಉತ್ತರದ ಮುಕ್ತೇಶ್ವರದ ವಿಜ್ಞಾನಿಗಳು ಅದನ್ನು ಕಟ್ಟಿದರು, ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೂ ತಯಾರಾಗುತ್ತದೆ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದಕ್ಕೆ ದುಡ್ಡಿಲ್ಲ. 2015ರಲ್ಲಿ ಜಗತ್ತಿನ ದೇಶಗಳೆಲ್ಲ ಅಬಿಜಾನ್ ನಗರದಲ್ಲಿ ಸೇರಿ 2030ರ ಹೊತ್ತಿಗೆ ಈ ಕಾಯಿಲೆಯನ್ನು ಭೂಮಿಯ ಮೇಲೆ ಇಲ್ಲದಂತೆ ಮಾಡುತ್ತೇವೆ ಎಂದು ತೀರ್ಮಾನ ಮಾಡಿದವು. ಭೂಮಿ ಅಂದರೆ ನಮ್ಮ ಕೇರಿಯೂ ಸೇರಿತಲ್ಲವೇ ಸ್ವಾಮಿ?

ಆಗುವುದಿಲ್ಲ ಅನ್ನುವವರಿಗೆ ಇನ್ನೊಂದು ಮಾತು. ದನಗಳಿಗೆ ದೊಡ್ಡರೋಗ ಅಂತ ಒಂದು ಬರುತ್ತಿತ್ತು. ನಮ್ಮ ತಾತಂದಿರಿಗೆ ಗೊತ್ತು, ಊರಿಗೆ ಊರೇ ಕೊಟ್ಟಿಗೆ ಖಾಲಿ ಮಾಡುತ್ತಿತ್ತು. ಪಿಪಿಆರ್ ಅದರ ದಾಯಾದಿ ವೈರಸ್ಸು. ದೊಡ್ಡರೋಗ ಬಂದಾಗಲೆಲ್ಲ ಮಾರಿ ಬಂದಳು ಅಂತ ಕೋಣ ಕಡಿಸಿದರು. ಕಡಿಯುವ ಕೆಲಸ ಯಾರದು, ತಮಟೆ ಯಾರದು, ಸತ್ತ ದನ ಎಳೆಯುವ ಹಗ್ಗ ಯಾರ ಹೆಗಲ ಮೇಲೆ, ಪುಣ್ಯ ಯಾರಿಗೆ? ನೂರಾರು ವರ್ಷ ಕೋಣ ಕಡಿದರೂ ಆ ಮಾರಿ ಹೋಗಲಿಲ್ಲ. ಲಸಿಕೆ ಹಾಕಿದರು, ಹೋದಳು. ನಮ್ಮ ದೇಶದಲ್ಲಿ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಎಂದು ಸಾರಿದರು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಹೀಗೆ ನಿರ್ಮೂಲವಾದ ಕಾಯಿಲೆ ಇದೊಂದೇ.

ಹಾಗಾದರೆ ದೊಡ್ಡವ್ವನ ಆಡಿಗೆ ಲಸಿಕೆ ಯಾಕೆ ಬೀಳಲಿಲ್ಲ? ಇಲ್ಲಿದೆ ನೋಡಿ ವಿಷಯ. ಅವಳು ಕೇಳಿದ್ದಳು. ಸುಗ್ಗಿ ಮುಗಿದ ಮೇಲೆ ದನದ ಆಸ್ಪತ್ರೆಗೆ ಹೋಗಿದ್ದಳು. ಯಾವ ಊರಿನ ಆಸ್ಪತ್ರೆ ಅಂತ ಬರೆಯುವುದಿಲ್ಲ, ಎಲ್ಲ ಕಡೆಯೂ ಉತ್ತರ ಒಂದೇ. "ಎಷ್ಟಮ್ಮ ಆಡು? ಹನ್ನೊಂದಾ? ಹನ್ನೊಂದಕ್ಕೆ ಬಾಟಲಿ ಬಿಚ್ಚಕಾಗಲ್ಲ ಕಣಮ್ಮ, ನೂರು ಸೇರಿಸ್ಕೊಂಡು ಬಾ."

ಈ ಉತ್ತರದಲ್ಲಿ ಸುಳ್ಳಿಲ್ಲ, ಅದೇ ಇದರ ಕಷ್ಟ. ಲಸಿಕೆ ಪುಡಿ ರೂಪದಲ್ಲಿ ಸಣ್ಣ ಬಾಟಲಿಯಲ್ಲಿ ಬರುತ್ತದೆ. ಒಂದು ಬಾಟಲಿಯಲ್ಲಿ ಐವತ್ತು, ನೂರು ಡೋಸು. ಐಸಿನಲ್ಲಿಟ್ಟು ತರಬೇಕು. ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹನ್ನೊಂದು ಆಡಿಗೆ ಬಿಚ್ಚಿದರೆ ಎಂಬತ್ತೊಂಬತ್ತು ಡೋಸು ಮಣ್ಣುಪಾಲು. ಡಾಕ್ಟರು ಮೇಲಿನವರಿಗೆ ಲೆಕ್ಕ ಕೊಡಬೇಕು. ಒಬ್ಬ ಡಾಕ್ಟರಿಗೆ ಹತ್ತಾರು ಹಳ್ಳಿ, ಎಷ್ಟೋ ಕಡೆ ಡಾಕ್ಟರ ಕುರ್ಚಿಯೇ ಖಾಲಿ. ಆದ್ದರಿಂದ ಆ ಡಾಕ್ಟರನ್ನು ಬೈದು ಕೈ ತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ.

ಆದರೆ ಈ ನೂರು ಅನ್ನುವ ಅಂಕಿ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಆಚೆ ನಿಲ್ಲಿಸುತ್ತದೆ ನೋಡಿ. ನೂರಿಪ್ಪತ್ತು ಕುರಿ ಇರುವ ಯಜಮಾನರ ದೊಡ್ಡಿಗೆ ಜೀಪು ಬಾಗಿಲಿಗೇ ಬಂತು. ಅವರೊಬ್ಬರೇ ಒಂದು ಬಾಟಲಿ. ಮೂರು ಆಡಿನ ಮನೆ ಮೂವತ್ತನಾಲ್ಕು ಸೇರಿದರೆ ಒಂದು ಬಾಟಲಿ. ನಮ್ಮ ಕೇರಿಯಲ್ಲಿ ಮನೆ ನಲವತ್ತೊಂದಿವೆ! ಬಾಟಲಿಗೆ ಬೇಕಾದ ಆಡು ನಮ್ಮಲ್ಲಿ ಇದ್ದವು, ಒಂದು ಬೆಳಿಗ್ಗೆ ಒಂದು ಜಾಗದಲ್ಲಿ ಸೇರಿಸುವವರು ಇರಲಿಲ್ಲ. ಯಾವ ಮನೆಯಲ್ಲಿ ಎಷ್ಟು, ಯಾವುದು ಗಬ್ಬ, ಯಾವ ಮರಿಗೆ ನಾಲ್ಕು ತಿಂಗಳಾಯಿತು ಎಂದು ಬರೆದು, ಅರ್ಜಿ ಹಿಡಿದು, ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಕೊಂಡು ಬರುವವರು ಇರಲಿಲ್ಲ. ಬರೆಯಲು ಬರುವವರು ಎಲ್ಲಿದ್ದರು? ಹಾಸ್ಟೆಲಿನಲ್ಲಿ ಇದ್ದೆವು. ಸಂಘಟನೆ ಅಂತ ಗೋಡೆ ಮೇಲೆ ಬರೆಯುತ್ತಿದ್ದೆವು.

ಇದನ್ನು ಓದಿ ಯಾರಾದರೂ ಮುಖ ಸಿಂಡರಿಸಿದರೆ ಅವರಿಗೊಂದು ನೆನಪು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದರು. ಅದಕ್ಕೆ ನಮ್ಮ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು, ಚಳವಳಿ ಎದ್ದು ಕೂತಿತು. ದನಕ್ಕೆ ಹಾಕುವ ಮೇವಿನ ಒಂದು ಮಾತಿನಿಂದ ಕಣ್ಣುಬಿಟ್ಟ ಚಳವಳಿಗೆ ಆಡಿನ ಮಾತು ಯಾಕೆ ನಾಚಿಕೆ?

ಮೇವಿನ ಮಾತು ಬಂತು, ಮುಂದುವರಿಸೋಣ. ಮುಂಗಾರು ಬಿದ್ದು ಎಳೆಹುಲ್ಲು ಚಿಗುರಿದ ಹೊತ್ತಿಗೆ ಹಿಂಡಿನಲ್ಲಿ ದಷ್ಟಪುಷ್ಟವಾಗಿರುವ ಮರಿಯೇ ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿರುತ್ತದೆ. ಕೆಲವು ಕತ್ತು ಹಿಂದಕ್ಕೆ ಸೆಳೆದು, ಕಾಲು ಒದರಿಕೊಂಡು ಸಾಯುತ್ತವೆ. ಕಣ್ಣುಬಿತ್ತು ಅನ್ನುತ್ತಾರೆ, ಯಾರೋ ಹೊಟ್ಟೆಕಿಚ್ಚಿಗೆ ಮದ್ದು ಹಾಕಿದರು ಅಂತ ಪಕ್ಕದ ಮನೆಯವರ ಮೇಲೆ ಜಗಳ ಹೂಡುತ್ತಾರೆ. ನಮ್ಮ ಕೇರಿಯಲ್ಲಿ ಈ ಜಗಳಕ್ಕೆ ಎರಡು ಮನೆ ಐದು ವರ್ಷ ಮಾತು ಬಿಟ್ಟಿದ್ದವು. ಅದು ಕರುಳು ಬೇನೆ. ಇದರ ಅಣುಜೀವಿ ಆಡಿನ ಕರುಳಲ್ಲಿ ಮೊದಲೇ ಸುಮ್ಮನೆ ಇರುತ್ತದೆ. ಒಣ ಮೇವಿನಿಂದ ತಟ್ಟನೆ ಎಳೆಹುಲ್ಲಿಗೋ ಕಾಳಿಗೋ ಬಿದ್ದರೆ ಅದು ಮಿತಿಮೀರಿ ಹೆಚ್ಚಿ ವಿಷ ಕಾರುತ್ತದೆ. ಡಾಕ್ಟರನ್ನು ಕರೆಯುವಷ್ಟು ಹೊತ್ತೂ ಸಿಗುವುದಿಲ್ಲ. ಇದಕ್ಕೂ ಲಸಿಕೆ ಇದೆ. ಮಳೆಗೆ ಮುಂಚೆ, ಅಂದರೆ ಮೇ ತಿಂಗಳೊಳಗೆ ಹಾಕಿಸಬೇಕು. ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷ ವರ್ಷ. ಮಳೆ ಬಂದ ಮೊದಲ ವಾರ ಹೊಟ್ಟೆಗೆ ಸ್ವಲ್ಪ ಒಣಹುಲ್ಲು ಹಾಕಿ ಆಮೇಲೆ ಮೇಯಲು ಬಿಡಿ.

ಇದರಂತೆಯೇ ಕಾಣುವ ಇನ್ನೊಂದು ಸಾವಿದೆ. ಊರೊಳಗೆ ಮದುವೆ ಆಗುತ್ತದೆ. ಮಿಕ್ಕ ಅನ್ನವನ್ನು ಕುಕ್ಕೆಯಲ್ಲಿ ತುಂಬಿ ಕೇರಿಗೆ ಕಳಿಸುತ್ತಾರೆ. ಈ ಅನ್ನವನ್ನು ನಾವು ಇಸಿದುಕೊಳ್ಳಬೇಕೋ ಬೇಡವೋ ಅನ್ನುವುದು ಬೇರೆ ಮಾತು, ಬೇಡ ಅನ್ನುವುದೇ ನಮ್ಮ ಅಭಿಪ್ರಾಯ. ನಾವು ತಿಂದು ಉಳಿದದ್ದನ್ನು ಆಡಿಗೆ ಸುರಿಯುತ್ತೇವೆ. ಸೊಪ್ಪು ತಿನ್ನುವ ಹೊಟ್ಟೆಗೆ ಒಂದೇ ಸಲ ಅಷ್ಟು ಅನ್ನ ಬಿದ್ದರೆ ಅದು ಹುಳಿಯಾಗಿ ನೆತ್ತರಿಗೆ ಏರುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಕುಲುಕಿದರೆ ನೀರಿನಂತೆ ಸದ್ದು, ಆಡು ಕುಡಿದವರಂತೆ ತೂರಾಡಿ ಬೀಳುತ್ತದೆ. ಕಂಡ ಕೂಡಲೇ ಒಂದೆರಡು ಚಮಚ ಅಡಿಗೆ ಸೋಡಾ ನೀರಲ್ಲಿ ಕದಡಿ ಕುಡಿಸಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಬರೀ ಗಾಳಿ ತುಂಬಿ ಎಡಮಗ್ಗುಲು ತಮಟೆಯಂತೆ ಉಬ್ಬಿದ್ದರೆ ಅದು ಹೊಟ್ಟೆ ಉಬ್ಬರ. ಅದಕ್ಕೆ ನಮ್ಮ ಅಜ್ಜಿಯರು ಅಡಿಗೆ ಎಣ್ಣೆ ಕುಡಿಸುತ್ತಿದ್ದದ್ದು ಸರಿಯಾದ ಮದ್ದೇ. ಹಳೆಯದೆಲ್ಲ ಸುಳ್ಳಲ್ಲ. ಆದರೆ ಗೊಟ್ಟ ಹಾಕುವಾಗ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಡಿ. ಮದ್ದು ಶ್ವಾಸಕ್ಕೆ ಇಳಿದು ಕಾಯಿಲೆಗಿಂತ ಮುಂಚೆ ಗೊಟ್ಟವೇ ಕೊಲ್ಲುತ್ತದೆ. ಮೂತಿ ಬೆನ್ನಿನ ಮಟ್ಟಕ್ಕಿರಲಿ, ಗುಟುಕು ಗುಟುಕಾಗಿ ಬಿಡಿ, ಕೆಮ್ಮಿದರೆ ನಿಲ್ಲಿಸಿ.

ಶುಂಠಿ ಹೊಲಗಳು ಬಂದ ಮೇಲೆ ಇನ್ನೊಂದು ಸೇರಿದೆ. ಔಷಧಿ ಹೊಡೆದ ಬದುವಿನ ಹುಲ್ಲು ತಿಂದ ಆಡು ಜೊಲ್ಲು ನೊರೆ ಸುರಿಸಿ, ಮೈ ನಡುಗಿ ಬೀಳುತ್ತದೆ. ಹೊಡೆದದ್ದು ಯಾವ ಔಷಧಿ ಅಂತ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿದರೆ ಉಳಿಸಬಹುದು. ಹೊಲದವರು ಡಬ್ಬಿ ಕೊಡುವುದಿಲ್ಲ, ಬದುವಿನಲ್ಲಿ ಬಿಸಾಕಿರುತ್ತಾರೆ, ಹುಡುಕಿಕೊಳ್ಳಿ. ಕಾಲುಬಾಯಿ ಜ್ವರದ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ.

ನಕ್ಕ ಗೆಳೆಯ, ಈಗ ಹಿಕ್ಕೆಯ ಮಾತೇ ಬಂತು ನೋಡು. ದಿಢೀರನೆ ಕೊಲ್ಲುವ ಕಾಯಿಲೆ ಕಣ್ಣಿಗೆ ಕಾಣುತ್ತದೆ. ನಮ್ಮ ಆಡುಗಳನ್ನು ವರ್ಷಪೂರ್ತಿ ಒಳಗಿಂದ ತಿನ್ನುವುದು ಜಂತುಹುಳು. ಪಿರಿಯಾಪಟ್ಟಣ, ಹುಣಸೂರು ಸೀಮೆಗೆ ಹಾರಂಗಿ ನಾಲೆ ಬಂತು, ಕೆ.ಆರ್. ನಗರದಲ್ಲಿ ಕಾವೇರಿ ನಾಲೆಗಳು ಹಳೆಯವು. ನೀರು ಅವರ ಗದ್ದೆಗೆ ಹೋಯಿತು, ನಮ್ಮ ಆಡಿಗೆ ಸಿಕ್ಕಿದ್ದು ನಾಲೆ ಅಂಚಿನ ಹುಲ್ಲು. ಆ ಜವುಗಿನಲ್ಲಿ ಸಣ್ಣ ಬಸವನಹುಳು ಇರುತ್ತವೆ. ಅವುಗಳ ಮೈಯಲ್ಲಿ ಬೆಳೆದು ಹುಲ್ಲಿಗೆ ಅಂಟಿಕೊಂಡ ಚಪ್ಪಟೆ ಹುಳು ಆಡಿನ ಹೊಟ್ಟೆ ಸೇರಿ ಈಲಿಯನ್ನು ಕೊರೆಯುತ್ತದೆ. ಇನ್ನೊಂದು ದಾರದಂಥ ಹುಳು ಹೊಟ್ಟೆಯ ಗೋಡೆ ಕಚ್ಚಿ ನೆತ್ತರು ಹೀರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಬಂದರೆ ಇವೇ. ಅಲ್ಲಿಯವರೆಗೆ ಕಾಯಬೇಡಿ. ಆಡಿನ ಕೆಳರೆಪ್ಪೆ ಬೆರಳಲ್ಲಿ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಸರಿ, ತೆಳು ಗುಲಾಬಿಯಾದರೆ ಎಚ್ಚರ, ಸುಣ್ಣದಂತೆ ಬಿಳಿಚಿದ್ದರೆ ಇವತ್ತೇ ಮದ್ದು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆಂದೇ ಬಣ್ಣದ ಚೀಟಿ ಮಾಡಿ ಕುರಿ ಕಾಯುವವರ ಕೈಗೆ ಕೊಟ್ಟರು. ಓದು ಬಾರದವರೂ ನೋಡಿ ತಿಳಿಯುತ್ತಾರೆ. ಹಾಗೆಯೇ ಹಿಡಿ ಹಿಕ್ಕೆಯನ್ನು ಕವರಿನಲ್ಲಿ ಹಾಕಿ ದನದ ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಹುಳು ಅಂತ ಹೇಳಬಲ್ಲರು. ಅದನ್ನು ತಿಳಿದು ಮದ್ದು ಕೊಡಿ. ತೂಕಕ್ಕೆ ತಕ್ಕಷ್ಟು ಕೊಡಿ, ಅರ್ಧಂಬರ್ಧ ಕೊಟ್ಟರೆ ಹುಳು ಸಾಯದೆ ಮದ್ದಿಗೆ ಒಗ್ಗಿಕೊಳ್ಳುತ್ತದೆ. ಗಬ್ಬದ ಆಡು ಅಂತ ಮೊದಲೇ ಹೇಳಿ, ಕೆಲವು ಮದ್ದು ಎಳೆಗಬ್ಬಕ್ಕೆ ಆಗುವುದಿಲ್ಲ.

ಇನ್ನು ಚರ್ಮದ ಮಾತು. ಇದನ್ನು ಗಮನವಿಟ್ಟು ಓದಿ.

ನೆರಡಿ ಅಂತ ಒಂದು ರೋಗವಿದೆ. ದನ, ಕುರಿ, ಆಡು ಎಲ್ಲಕ್ಕೂ ಬರುತ್ತದೆ. ಚೆನ್ನಾಗಿದ್ದ ಪ್ರಾಣಿ ತಟ್ಟನೆ ಬಿದ್ದು ಸಾಯುತ್ತದೆ. ಮೂಗು, ಬಾಯಿ, ಹಿಂಭಾಗದಿಂದ ಕಪ್ಪು ನೆತ್ತರು ಸೋರುತ್ತದೆ, ಆ ನೆತ್ತರು ಹೆಪ್ಪುಗಟ್ಟುವುದಿಲ್ಲ. ಹೆಣ ಬೇಗ ಉಬ್ಬುತ್ತದೆ, ಸೆಟೆದುಕೊಳ್ಳುವುದಿಲ್ಲ. ಈ ರೋಗ ಮನುಷ್ಯರಿಗೂ ಬರುತ್ತದೆ. ಯಾರಿಗೆ ಬರುತ್ತದೆ? ಹೆಣ ಮುಟ್ಟಿದವರಿಗೆ, ಚರ್ಮ ಸುಲಿದವರಿಗೆ, ಆ ಮಾಂಸ ಹಚ್ಚಿದವರಿಗೆ, ತಿಂದವರಿಗೆ. ಕೈಮೇಲೆ ನೋವಿಲ್ಲದ ಒಂದು ಗುಳ್ಳೆ ಎದ್ದು ನಡುವೆ ಇದ್ದಿಲಿನಂತೆ ಕಪ್ಪಾಗುತ್ತದೆ. ಆಗಲೇ ಆಸ್ಪತ್ರೆಗೆ ಹೋದರೆ ಮಾಮೂಲಿ ಔಷಧಿಯಲ್ಲಿ ವಾಸಿಯಾಗುತ್ತದೆ, ಮಾಂಸದಿಂದ ಹೊಟ್ಟೆಗೋ ಉಸಿರಿನಿಂದ ಎದೆಗೋ ಇಳಿದರೆ ಜೀವಕ್ಕೆ ಬರುತ್ತದೆ. ಹೆಣ ಬಿಚ್ಚಿದ ಜಾಗದ ಮಣ್ಣಿನಲ್ಲಿ ಇದರ ಬೀಜ ಹತ್ತಾರು ವರ್ಷ ಬದುಕಿರುತ್ತದೆ. ಮುಂದೆ ಅಲ್ಲಿ ಮೇಯ್ದ ದನಕ್ಕೆ ಮತ್ತೆ ಹತ್ತುತ್ತದೆ. 1876ರಲ್ಲಿ ಜರ್ಮನಿಯ ಕಾಖ್ ಎಂಬುವನು ಇದರ ಅಣುಜೀವಿಯನ್ನು ಹಿಡಿದು ತೋರಿಸಿದ. 1881ರಲ್ಲಿ ಫ್ರಾನ್ಸಿನ ಪಾಶ್ಚರ್ ಊರ ಜನರೆದುರಿಗೇ ಲಸಿಕೆ ಹಾಕಿ ಕುರಿಗಳನ್ನು ಬದುಕಿಸಿ ತೋರಿಸಿದ. ಆ ಹಿಂಡಿನಲ್ಲಿ ಒಂದು ಆಡೂ ಇತ್ತು.

ವಿಜ್ಞಾನ ಹೇಳುವುದು ಒಂದೇ ಮಾತು: ಇಂಥ ಹೆಣವನ್ನು ಕುಯ್ಯಬೇಡ, ಸುಲಿಯಬೇಡ, ಎಳೆಯಬೇಡ, ಡಾಕ್ಟರಿಗೆ ಹೇಳಿ ಇದ್ದಲ್ಲಿಯೇ ಆರಡಿ ಗುಂಡಿಯಲ್ಲಿ ಸುಣ್ಣ ಸುರಿದು ಹೂಳು. ಊರು ಹೇಳುವುದೇನು? "ಬಂದು ಎಳ್ಕೊಂಡ್ ಹೋಗ್ರೋ." ವಾರದ ಯಜಮಾನ ಹೇಳುವುದೇನು? "ಚರ್ಮ ತಂದು ತೋರ್ಸು." ಜಾತಿ ಹೇಳುವ ಕೆಲಸವನ್ನೇ ವಿಜ್ಞಾನ ಪ್ರಾಣಕ್ಕೆ ಅಪಾಯ ಅನ್ನುತ್ತದೆ. ನಮ್ಮ ಕೇರಿಗಳಲ್ಲಿ ಹೆಣ ಎಳೆದು ಬಂದವರು ಜ್ವರ ಹತ್ತಿ ಸತ್ತ ಕಥೆ ಅಜ್ಜಂದಿರ ಬಾಯಲ್ಲಿ ಎಷ್ಟಿವೆ! ಗಾಳಿ ಹೊಡೆಯಿತು, ದೆವ್ವ ಮೆಟ್ಟಿತು ಅಂದರು. ಅವರಲ್ಲಿ ಎಷ್ಟು ಜನ ನೆರಡಿಯಿಂದ ಸತ್ತರು ಅಂತ ಯಾರೂ ಲೆಕ್ಕ ಇಡಲಿಲ್ಲ.

ಕಾನೂನೂ ಈಗ ನಮ್ಮ ಕಡೆ ಇದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಂದ ಸತ್ತ ಪ್ರಾಣಿಯನ್ನು ಹೊರಿಸುವುದು, ವಿಲೇವಾರಿ ಮಾಡಿಸುವುದು ಅದರ ಪ್ರಕಾರ ಅಪರಾಧ. ಯಾರಾದರೂ ಕೇರಿಗೆ ಹೇಳಿ ಕಳಿಸಿದರೆ ಸುಮ್ಮನೆ "ಬರಲ್ಲ" ಅಂದರೆ ಸಾಲದು. "ಅದು ನೆರಡಿ ಇರಬೌದು, ಡಾಕ್ಟರಿಗೆ ಫೋನ್ ಮಾಡಿ, ಜೆಸಿಬಿ ತರ್ಸಿ ಹೂಳಿ ಬುದ್ಧಿ" ಅನ್ನಿ. ಬುದ್ಧಿ ಅನ್ನುವುದನ್ನೂ ಬಿಟ್ಟುಬಿಡಿ.

ನಮ್ಮ ಅವ್ವಂದಿರಿಗೆ ಹೇಳಬೇಕಾದ ಇನ್ನೊಂದಿದೆ, ಹುಡುಗಿಯರು ಹೇಳಿದರೆ ಒಳ್ಳೆಯದು. ಆಡು ದಿನ ತುಂಬದೆ ಕಂದು ಹಾಕಿದರೆ ಅದನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಬಾರದು. ಕಂದು ಹಾಕುವ ರೋಗದ ಸೋಂಕು ಕೈಯಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೆ ಬಂದು ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ತರುತ್ತದೆ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಎತ್ತಿ, ನಾಯಿಗೆ ಸಿಗದಂತೆ ಸುಣ್ಣ ಹಾಕಿ ಹೂಳಲಿ. ವರ್ಷದಿಂದ ಸೊಂಟ ಕೀಲು ನೋವು ಅಂತ ಮೂಲೆ ಹಿಡಿದ ಆಡು ಸಾಕುವ ಹೆಂಗಸರು ನಿಮ್ಮ ಕೇರಿಯಲ್ಲಿದ್ದರೆ ಆಸ್ಪತ್ರೆಯಲ್ಲಿ ಡಾಕ್ಟರಿಗೆ "ಆಡು ಸಾಕ್ತೀನಿ" ಅಂತ ಒಂದು ಮಾತು ಹೇಳಲು ಕಲಿಸಿ. ಆ ಒಂದು ಮಾತು ಹೇಳದೆ ಎಷ್ಟೋ ಜನ ನೋವಿನ ಮಾತ್ರೆಯಲ್ಲೇ ಕಾಲ ತಳ್ಳುತ್ತಿದ್ದಾರೆ.

ಈ ಬೇಸಿಗೆ ರಜಕ್ಕೆ ಊರಿಗೆ ಹೋಗುತ್ತೀರಲ್ಲ, ಮೊದಲ ವಾರವೇ ಪಟ್ಟಿ ಬರೆಯಿರಿ. ಮನೆಗೆ ಒಂದು ಸಾಲು: ಆಡೆಷ್ಟು, ಕುರಿ ಎಷ್ಟು, ಮರಿಯ ವಯಸ್ಸು, ಗಬ್ಬ ಎಷ್ಟು, ವಾರದವು ಎಷ್ಟು, ಹೋದ ವರ್ಷ ಸತ್ತದ್ದೆಷ್ಟು, ಹೇಗೆ ಸತ್ತವು. ನೂರಾಗದಿದ್ದರೆ ಪಕ್ಕದ ಕೇರಿ ಸೇರಿಸಿ, ಹಾಡಿಯವರನ್ನು ಸೇರಿಸಿ. ಎಚ್.ಡಿ. ಕೋಟೆ ಕಡೆ ಕಾಡಂಚಿನ ಹಾಡಿಗಳಿಗೆ ನಮ್ಮಷ್ಟೂ ಯಾರೂ ಹೋಗುವುದಿಲ್ಲ. ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಬೆಳಿಗ್ಗೆ ಬಿಸಿಲೇರುವ ಮುಂಚಿನ ದಿನ ಕೇಳಿ. ಆಡು ಹಿಡಿಯುವುದಕ್ಕೆ ಹತ್ತು ಹುಡುಗರು, ಬರೆಯುವುದಕ್ಕೆ ಇಬ್ಬರು ಇರಲಿ. ಹಾಕಿದ ಆಡಿನ ಕೊಂಬಿಗೆ ಸುಣ್ಣ ಬಳಿಯಿರಿ, ತಪ್ಪಿಸಿಕೊಂಡದ್ದು ಗೊತ್ತಾಗುತ್ತದೆ. ಸೂಜಿ ಬದಲಿಸಿ ಅಂತ ಕೇಳಲು ನಾಚಬೇಡಿ. ಸಂತೆಯಿಂದ ಹೊಸದಾಗಿ ತಂದ ಆಡನ್ನು ಮೂರು ವಾರ ಬೇರೆ ಗೂಟಕ್ಕೆ ಕಟ್ಟಲು ಹೇಳಿ. ಒಂದು ಜ್ವರದ ಕಡ್ಡಿ ಕೇರಿಗೆ ಇರಲಿ. ಆಡಿಗೆ 102, 103 ಡಿಗ್ರಿ ಮಾಮೂಲು, 104 ದಾಟಿದರೆ ಬೇರೆ ಕಟ್ಟಿ 1962 ನಂಬರಿಗೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿ ಇರುವುದು ಹಸುವಿಗೆ ಮಾತ್ರವಲ್ಲ. ಫೋನ್ ಮಾಡಿದ ಹೊತ್ತು, ಬಂದ ಹೊತ್ತು ಎರಡೂ ಬರೆದಿಡಿ, ಬರದಿದ್ದರೆ ಅದನ್ನೂ ಬರೆದಿಡಿ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವವರು ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳ ಕಡೆಯೂ ಒಮ್ಮೆ ನೋಡಿ. ಎಂಜಿನಿಯರಿಂಗ್ ಒಂದೇ ದಾರಿ ಅಂತ ಯಾರು ಹೇಳಿದರು?

ದಿನ ಕೊಡದೆ ಸತಾಯಿಸಿದರೆ ದಾರಿ ಇದೆ. ಇಡೀ ಕೇರಿಯ ಆಡುಗಳನ್ನು ಹೊಡೆದುಕೊಂಡು ಹೋಗಿ ಆಸ್ಪತ್ರೆಯ ಕಾಂಪೌಂಡಿನಲ್ಲಿ ಬಿಡುವುದು. ಅಲ್ಲಿ ಹೂವಿನ ಗಿಡ ಬೆಳೆಸಿರುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲ.

ನಮ್ಮ ಕೇರಿಯಲ್ಲಿ ಹೋದ ಬೇಸಿಗೆ ಇದು ಆಯಿತು, ಆಡು ಹೊಡೆದುಕೊಂಡು ಹೋಗಬೇಕಾಗಲಿಲ್ಲ. ನಲವತ್ತೊಂದು ಮನೆ, ನೂರಾ ಮೂವತ್ತೇಳು ಆಡು. ನೂರಾ ಇಪ್ಪತ್ತೆಂಟಕ್ಕೆ ಬಿತ್ತು. ಒಂಬತ್ತು ತಪ್ಪಿಸಿಕೊಂಡವು, ಅದರಲ್ಲಿ ಮೂರು ನಮ್ಮಲ್ಲೇ ಒಬ್ಬ ಮಾತುಗಾರನ ಮನೆಯವು. ದೊಡ್ಡವ್ವ ಮತ್ತೆ ಎರಡು ಮರಿ ಸ್ವಂತಕ್ಕೆ ಕಟ್ಟಿದ್ದಾಳೆ. ಪಟ್ಟಿಯ ನೋಟ್ ಪುಸ್ತಕ ಹಾಸ್ಟೆಲಿನ ಅಡಿಗೆಮನೆ ಪಕ್ಕದ ರೂಮಿನಲ್ಲಿ ಇಟ್ಟಿದ್ದೇವೆ, ಊರಿಗೊಂದು ಪುಟ ಮಡಿಸಿ ಹೆಸರು ಬರೆದಿದ್ದೇವೆ. "ಮ್ಯಾ" ಅಂದ ಗೆಳೆಯನ ಊರಿನ ಪುಟ ಇನ್ನೂ ಖಾಲಿ ಇದೆ.